ಏಳು–ಐದರ ಮನುಷ್ಯ

ಮೊನ್ನೆ ಬೆಳಿಗ್ಗೆ ನಮ್ಮ ಕ್ಲಬ್ಬಿಗೆ ಹೊಸದಾಗಿ ಬಂದಿರುವ ಮಾರ್ಕರ್ ನನ್ನ ಚೆಂಡಿಗೆ ‘ಔಟ್’ ಅಂದುಬಿಟ್ಟ. ನಾನು ರ‍್ಯಾಕೆಟ್ ಹಿಡಿದುಕೊಂಡು ಹಾಗೇ ನಿಂತೆ. ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಆ ಎರಡು ಮಣ್ಣಿನ ಕೋರ್ಟುಗಳಲ್ಲಿ ಹದಿಮೂರು ವರ್ಷದಿಂದ ಆಡುತ್ತಿದ್ದೇನೆ. ಮಾರ್ಕರ್ ಒಬ್ಬರ ಬಾಯಿಂದ ಆ ಪದ ಕೇಳಿದ್ದು ಅದೇ ಮೊದಲು. ಆತನ ತಪ್ಪೇನೂ ಇಲ್ಲ, ಚೆಂಡು ಗೆರೆಯಿಂದ ಒಂದು ಮೊಳ ಆಚೆ ಬಿದ್ದಿತ್ತು. ಆದರೆ ಹಳೆಯ ಮಾರ್ಕರ್ ಇದ್ದಿದ್ದರೆ ತಲೆಯನ್ನು ಸ್ವಲ್ಪ ಓರೆ ಮಾಡಿ, “ಗೆರಿ ಹತ್ತಿತ್ರಿ” ಅನ್ನುತ್ತಿದ್ದರು. ಒಂದು ಮಾರು ಆಚೆ ಬಿದ್ದರೆ, “ಗಾಳಿ ಒಯ್ತ್ರಿ” ಅನ್ನುತ್ತಿದ್ದರು. ಎಲೆ ಅಲುಗದ ಬಳ್ಳಾರಿಯ ಬೇಸಿಗೆಯಲ್ಲೂ ನನ್ನ ಚೆಂಡನ್ನು ಒಯ್ಯುವಷ್ಟು ಗಾಳಿ ಅವರಿಗೆ ಎಲ್ಲಿಂದಲೋ ಸಿಗುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕ್ಲಬ್ಬಿನ ಅರ್ಧಕ್ಕರ್ಧ ಸದಸ್ಯರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ. ಅಲ್ಲದೆ ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ‘ಮಾರ್ಕರ್’. ಟೆನಿಸ್ ಕ್ಲಬ್ಬುಗಳಲ್ಲಿ ಅದೊಂದು ಹಳೆಯ ಹುದ್ದೆ. ಬೆಳಕು ಹರಿಯುವ ಮುಂಚೆ ಕೋರ್ಟಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ನೆಟ್ ಬಿಗಿಯಬೇಕು. ಆಮೇಲೆ, ಜೊತೆಗಾರ ಕೈಕೊಟ್ಟ ಸದಸ್ಯರು ಯಾರಾದರೂ ಬಂದರೆ ಅವರಿಗೆ ಎದುರಾಳಿಯಾಗಿ ನಿಂತು ಆಡಬೇಕು. ಇಪ್ಪತ್ತೆಂಟು ವರ್ಷ ಇದನ್ನು ಮಾಡಿ, ಎರಡು ತಿಂಗಳ ಹಿಂದೆ ನಿವೃತ್ತರಾಗಿ ಊರಿಗೆ ಹೋದರು.

ಕಡ್ಡಿಯಂಥ ಆಳು. ಬಿಳಿ ಪ್ಯಾಂಟು, ಬಿಳಿ ಅಂಗಿ, ಗೆರೆ ಹಾಕಿ ಉಳಿದ ಸುಣ್ಣವನ್ನೇ ಬಳಿದುಕೊಂಡ ಕ್ಯಾನ್ವಾಸ್ ಬೂಟು. ಊರು ಕುರುಗೋಡು ತಾಲೂಕಿನ ಬಾದನಹಟ್ಟಿ. ಅವರ ಅಪ್ಪ ಹಳ್ಳಿಹಳ್ಳಿ ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿದುಕೊಡುತ್ತಿದ್ದವರು. ಹತ್ತಿ ಹಿಂಜುವ ಬಿಲ್ಲಿನ ಸದ್ದು ಕೇಳುತ್ತ ಬೆಳೆದದ್ದರಿಂದಲೋ ಏನೋ, ರ‍್ಯಾಕೆಟ್ಟಿಗೆ ತಂತಿ ಕಟ್ಟುವುದರಲ್ಲಿ ಅವರನ್ನು ಮೀರಿಸುವವರು ಈ ಕಡೆ ಇರಲಿಲ್ಲ. ಕ್ಲಬ್ಬಿನ ಜಗಲಿಯಲ್ಲಿ ಕುಳಿತು ತಂತಿ ಬಿಗಿದು, ಉಗುರಿನಿಂದ ಒಮ್ಮೆ ಮೀಟಿ, ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. “ನಿಮ್ದು ಸ್ವಲ್ಪ ಸಡಲ ಇರ್ಲಿ ಡಾಕ್ಟ್ರ. ದಿನಾ ಹಲ್ಲು ಕಿತ್ತು ಕಿತ್ತು ನಿಮ್ಮ ಕೈ ಮೊದಲ ಬಿಗಿ ಐತಿ” ಎನ್ನುತ್ತಿದ್ದರು. ನಾನು ದಂತವೈದ್ಯ. ಬೆಳಿಗ್ಗೆ ಮೊದಲು ಆಟ, ಆಮೇಲೆ ಮಂಡಕ್ಕಿ ಒಗ್ಗರಣೆ-ಮಿರ್ಚಿ, ಆಮೇಲೆ ಜನರ ಹಲ್ಲು.

ಈ ಮನುಷ್ಯನನ್ನು ನಾನು ಹನ್ನೊಂದು ವರ್ಷ ಸೋಲಿಸಿದೆ. ಅದೂ ಸುಲಭವಾಗಿ ಅಲ್ಲ. ಏಳು–ಐದು. ಯಾವಾಗ ನೋಡಿದರೂ ಏಳು–ಐದು. ಟೆನಿಸ್ಸಿನಲ್ಲಿ ಆರು ಗೇಮ್ ಗೆದ್ದವರಿಗೆ ಸೆಟ್ಟು. ಐದೈದು ಸಮವಾದರೆ ಏಳರ ತನಕ ಹೋಗಬೇಕು. ನಮ್ಮ ಆಟ ಪ್ರತಿ ಸಲವೂ ಐದೈದಕ್ಕೆ ಬಂದು ನಿಲ್ಲುತ್ತಿತ್ತು. ಆಗ ಎಲ್ಲಿಂದಲೋ ನನಗೆ ಆವೇಶ ಬಂದು, ಎರಡು ಅದ್ಭುತ ಹೊಡೆತ ಬಿದ್ದು, ಗೆದ್ದುಬಿಡುತ್ತಿದ್ದೆ. ಮನೆಗೆ ಬಂದು ಒಂದೊಂದು ಪಾಯಿಂಟನ್ನೂ ಹೆಂಡತಿಗೆ ಬಿಡಿಸಿ ಹೇಳುತ್ತಿದ್ದೆ. ಒಮ್ಮೆ ಆಕೆ, “ಆ ಮನಶ್ಯಾ ಒಂದ್ ದಿನಾನೂ ಗೆಲ್ಲಾಂಗಿಲ್ಲೇನ್ರೀ?” ಎಂದು ಕೇಳಿದಳು. “ಪಾಪ, ಆಡ್ತಾರ ಚಲೋ. ಆದ್ರ ಕಡೀಗೆ ಬಂದಾಗ ಧೈರ್ಯ ಸಾಲಂಗಿಲ್ಲ” ಎಂದಿದ್ದೆ. ಈಗ ಆ ಮಾತು ನೆನಪಾದರೆ ಪೇಶಂಟುಗಳ ಕುರ್ಚಿಯ ಕೆಳಗೆ ಅವಿತುಕೊಳ್ಳೋಣ ಅನಿಸುತ್ತದೆ.

ಧೈರ್ಯ ಸಾಲದು ಎನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿಯೂ ಇತ್ತು. ಕೊನೆಯ ಗೇಮುಗಳಲ್ಲಿ ಅವರು ಎಡ ಅಂಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದರು. ಸರಿಯಾಗಿ ಎರಡೇ ಸಲ. ಅದಾದ ಮೇಲೆ ಬರುವ ಚೆಂಡು ನನ್ನ ಬಲಕ್ಕೆ, ಸೊಂಟದ ಎತ್ತರಕ್ಕೆ, ಇಗೋ ಹೊಡಿ ಎನ್ನುವ ಹಾಗೆ ತೇಲಿಕೊಂಡು ಬರುತ್ತಿತ್ತು. ನನ್ನ ಹೊಡೆತಕ್ಕೆ ಹೆದರಿ ಅಂಗೈ ಬೆವರುತ್ತಿದೆ ಎಂದು ತಿಳಿದು ಒಳಗೊಳಗೇ ಮೀಸೆ ತಿರುವುತ್ತಿದ್ದೆ.

ನಾನೊಬ್ಬನೇ ಅಲ್ಲ, ಎಲ್ಲ ಸದಸ್ಯರಿಗೂ ಅವರ ಜೊತೆ ಆಡಿದ ದಿನ ಊಟ ರುಚಿಸುತ್ತಿತ್ತು. ಕೇಸು ಸೋತು ಬಂದ ವಕೀಲರು ಸಂಜೆ ಕೋರ್ಟಿಗಿಳಿದರೆ, “ಇವತ್ತು ವಕೀಲರನ್ನ ತಡಿಯಾಕ ಆಗವಲ್ದಪ್ಪೋ!” ಎಂದು ಮಾರ್ಕರ್ ಮೂರು ಕುರ್ಚಿ ಆಚೆಯವರಿಗೂ ಕೇಳುವ ಹಾಗೆ ಕೂಗುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸಿ ಬಂದ ಇಂಜಿನಿಯರೊಬ್ಬರು ಮರುದಿನ ಆಡಲಾಗದೆ ಸುಮ್ಮನೆ ನಿಂತಾಗ, ಮಾರ್ಕರ್ ಅಂಕ ಎಣಿಸುವುದನ್ನೇ ಬಿಟ್ಟು, ಒಂದು ತಾಸು ಅವರ ರ‍್ಯಾಕೆಟ್ಟಿಗೆ ಮೆತ್ತಗೆ ಚೆಂಡು ಮುಟ್ಟಿಸುತ್ತ ನಿಂತರು. “ಚೆಂಡು ಎದುರಿಗಿದ್ದೋರ ಕೈಗೆ ಸಿಗಾಂಗ ಹೋಗಬೇಕ್ರಿ. ಸಿಗದಂಗ ಹೊಡದ್ರ ಅದು ಆಟ ಅಲ್ಲ, ಜಗಳ” ಎನ್ನುವುದು ಅವರ ಮಾತು. ಆ ಮಾತು ನಮಗೆಲ್ಲ ಬಹಳ ಹಿಡಿಸಿತ್ತು. ಹಿಡಿಸದೆ ಏನು, ಚೆಂಡು ಸಿಗುತ್ತಿದ್ದದ್ದು ನಮಗೇ ಅಲ್ಲವೆ?

ಅವರ ಒಬ್ಬಳೇ ಮಗಳು ಈ ಮಾತನ್ನು ಕೇಳುತ್ತಲೇ ಬೆಳೆದಳು. ಆರನೆಯ ವಯಸ್ಸಿಗೆ, ಹಿಡಿ ಕತ್ತರಿಸಿ ಗಿಡ್ಡ ಮಾಡಿದ ಹಳೆಯ ರ‍್ಯಾಕೆಟ್ ಹಿಡಿದು ಕೋರ್ಟಿಗೆ ಇಳಿದವಳು. ಬೆಳಿಗ್ಗೆ ಐದರಿಂದ ಆರೂವರೆಯ ತನಕ, ಸದಸ್ಯರು ಬರುವುದರೊಳಗೆ, ಕೋರ್ಟು ಅಪ್ಪ-ಮಗಳದು. ಮಾರ್ಕರ್ ಮನೆಯವರಿಗೆ ಅಷ್ಟು ಸವಲತ್ತು ಮೊದಲಿನಿಂದಲೂ ಇತ್ತು. ಅವಳ ತಾಯಿ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಚೆಂಡು ಇಡಲು ಆಳವಾದ ಜೇಬಿದ್ದ ಅವಳ ಕಡುನೀಲಿ ಸ್ಕರ್ಟು ಅವರ ಕೈಯದೇ.

ಹದಿನಾರಕ್ಕೆ ಹುಬ್ಬಳ್ಳಿಯ ಒಂದು ಟೂರ್ನಿಯಲ್ಲಿ ಅಗ್ರ ಶ್ರೇಯಾಂಕದ ಆಟಗಾರ್ತಿಯನ್ನೇ ಸೋಲಿಸಿದಳು. ಪತ್ರಿಕೆಯಲ್ಲಿ ಫೋಟೊ ಬಂತು, ಕೆಳಗೆ ‘ಬಳ್ಳಾರಿಯ ಭರವಸೆಯ ಆಟಗಾರ್ತಿ’ ಎಂದು ಬರೆದಿದ್ದರು. ಮಾರ್ಕರ್ ಕ್ಲಬ್ಬಿಗೆಲ್ಲ ಪೇಡಾ ಹಂಚಿದರು. ಪೇಡಾ ಬಾಯಲ್ಲಿರುವಾಗಲೇ ಸುದ್ದಿ ಬಂತು: ಮುಂದಿನ ಸುತ್ತಿನಲ್ಲಿ ಯಾರೂ ಹೆಸರು ಕೇಳಿರದ ಹುಡುಗಿಯೊಬ್ಬಳ ಕೈಯಲ್ಲಿ ಸೋತಿದ್ದಳು, ಮೂರನೆಯ ಸೆಟ್ಟು ಐದು–ಏಳು. ಆಮೇಲೆ ಇದೇ ಕಥೆಯಾಯಿತು. ದೊಡ್ಡವರ ಎದುರು ದೊಡ್ಡ ಆಟ, ಸಣ್ಣವರ ಎದುರು ಸಣ್ಣ ಆಟ. ರಾಷ್ಟ್ರೀಯ ಪಟ್ಟಿಯ ಕೆಳತುದಿಯಲ್ಲಿ ಅವಳ ಹೆಸರು ಎರಡು ಮೆಟ್ಟಿಲು ಏರುತ್ತಿತ್ತು, ಎರಡು ಇಳಿಯುತ್ತಿತ್ತು. ಟೂರ್ನಿಯ ಮುಖ್ಯ ಸುತ್ತಿಗೆ, ಅಂದರೆ ಮೇನ್ ಡ್ರಾಗೆ, ನೇರವಾಗಿ ಕರೆಸಿಕೊಳ್ಳುವಷ್ಟು ಮೇಲೆ ಎಂದೂ ಹೋಗಲಿಲ್ಲ. ಪ್ರತಿ ಊರಿಗೂ ಎರಡು ದಿನ ಮುಂಚೆ ಹೋಗಿ ಅರ್ಹತಾ ಪಂದ್ಯ ಆಡುವುದು, ಅಲ್ಲೇ ಸೋತು ವಾಪಸ್ ರೈಲು ಹತ್ತುವುದು. ಮೂರು ವರ್ಷ ‘ಭರವಸೆಯ ಆಟಗಾರ್ತಿ’ ಎಂದು ಓದಿ ಓದಿ, ಕೊನೆಗೆ ಆ ಮಾತು ಬೈದ ಹಾಗೆ ಕೇಳತೊಡಗಿತು.

ಕ್ಲಬ್ಬಿನಲ್ಲಿ ಎಲ್ಲರೂ ವೈದ್ಯರಾದರು. ವಕೀಲರು ಮೊಟ್ಟೆ ಹೆಚ್ಚು ತಿನ್ನಿಸಿ ಎಂದರು. ಇಂಜಿನಿಯರ್, ಸರ್ವಿಸ್ ಮಾಡುವಾಗ ಚೆಂಡು ಎಸೆಯುವ ಎತ್ತರ ಸರಿಯಿಲ್ಲ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಓಣಿಯವರು ದೃಷ್ಟಿ ತೆಗೆಸಿ ಎಂದರು, ತೆಗೆಸಿದ್ದೂ ಆಯಿತು. ನಿಜವಾದ ವೈದ್ಯನಾದ ನಾನು ಸುಮ್ಮನಿರಲು ಆಗುತ್ತದೆಯೆ? ಅವಳ ಬಾಯಿ ನೋಡಿದೆ. ಬುದ್ಧಿಹಲ್ಲೊಂದು ಅಡ್ಡ ಬೆಳೆದಿತ್ತು. ಎಲ್ಲ ಸಿಕ್ಕಿತು ಅನ್ನಿಸಿತು. ಆಟ ಉದ್ದವಾದಂತೆ ದವಡೆ ಕಚ್ಚುತ್ತಾಳೆ, ನೋವು ಏಳುತ್ತದೆ, ಗಮನ ಕೆಡುತ್ತದೆ ಎಂದು ಅಪ್ಪನಿಗೆ ವಿವರಿಸಿ ಕಿತ್ತುಹಾಕಿದೆ. ಮುಂದಿನ ಟೂರ್ನಿಯಲ್ಲಿ ಅವಳು ಒಂದು ಹಲ್ಲು ಕಮ್ಮಿ ಇಟ್ಟುಕೊಂಡು ಐದು–ಏಳರಿಂದಲೇ ಸೋತು ಬಂದಳು.

ಆಗೊಮ್ಮೆ ರೋಲರಿನ ಮೇಲೆ ಕುಳಿತು ಮಾರ್ಕರ್ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. “ನಾನು ರಿಟೈರ್ ಆಗಾಕ ಇನ್ನ ಎರಡು ವರ್ಷ ಐತ್ರಿ. ಆಮ್ಯಾಲ ಈ ಕೋರ್ಟು ನಮ್ದಲ್ಲ. ಅಷ್ಟರಾಗ ಈಕಿ ಹೆಸರು ನೇರ ಮೇನ್ ಡ್ರಾದಾಗ ಬರಬೇಕು. ಬರಲಿಲ್ಲಂದ್ರ ರ‍್ಯಾಕೆಟ್ ಗೂಟಕ್ಕ ಹಾಕಿ ಬಿ.ಕಾಂ. ಮುಗಿಸ್ಲಿ. ಆಸೆ ತೋರಿಸಿ ತೋರಿಸಿ ಹುಡುಗಿ ವಯಸ್ಸು ಕಳಿಯಾಕ ನನಗ ಮನಸಿಲ್ಲ.” ಮಗಳು ನೆಟ್ಟಿನ ಆಚೆ ಚೆಂಡು ಆರಿಸುತ್ತಿದ್ದಳು. ಅವಳಿಗೂ ಕೇಳಿಸಿತು. ಉಳಿದ ಚೆಂಡುಗಳನ್ನೂ ಆರಿಸಿ ಬುಟ್ಟಿ ತುಂಬಿಸಿದಳು.

ಗುಟ್ಟು ಒಡೆದದ್ದು ಸಿರುಗುಪ್ಪದಲ್ಲಿ. ಅಲ್ಲಿಯ ಅಕ್ಕಿ ಗಿರಣಿಯವರು ಕೆಲವರು ಸೇರಿ ಹುಡುಗಿಯರಿಗೊಂದು ಟೂರ್ನಿ ಇಟ್ಟಿದ್ದರು. ದೊಡ್ಡದೇನಲ್ಲ, ಆದರೆ ಬಂದವರಲ್ಲಿ ನಮ್ಮವಳೇ ಎಲ್ಲರಿಗಿಂತ ಮೇಲಿನ ಸ್ಥಾನದವಳು. ಹಾಗೆ ಆದದ್ದು ಜೀವನದಲ್ಲಿ ಅದೇ ಮೊದಲು. ಭಾನುವಾರ ಕ್ಲಿನಿಕ್ಕಿಗೆ ರಜೆ ಇದ್ದದ್ದರಿಂದ ನಾನೇ ಇಬ್ಬರನ್ನೂ ಕಾರಿನಲ್ಲಿ ಕರೆದೊಯ್ದಿದ್ದೆ. ಸೆಮಿಫೈನಲ್ಲಿನಲ್ಲಿ ಎದುರಿಗೆ ಬಂದವಳು ಗಂಗಾವತಿಯ ಕಾಲೇಜು ಹುಡುಗಿ, ಟೆನಿಸ್ ಕಲಿತು ಮೂರು ವರ್ಷವೂ ಆಗಿರಲಿಲ್ಲ. ನಮ್ಮವಳು ಮೊದಲ ಸೆಟ್ಟು ಗೆದ್ದಳು. ಎರಡನೆಯದರಲ್ಲಿ ಐದು–ಒಂದು ಮುಂದಿದ್ದಳು. ಇನ್ನೊಂದೇ ಗೇಮು. ಮಾರ್ಕರ್ ನೆಮ್ಮದಿಯಾಗಿ ಮಂಡಕ್ಕಿಯ ಪೊಟ್ಟಣ ಬಿಚ್ಚಿದರು.

ಆಚೆ ಬದಿಯಲ್ಲಿ ಆ ಹುಡುಗಿಯ ಮುಖ ಸಪ್ಪಗಾಯಿತು. ತೋಳಿನಿಂದ ಕಣ್ಣು ಒರೆಸಿಕೊಂಡಳು. ನಮ್ಮವಳು ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಎಡ ಅಂಗೈಯನ್ನು ಸ್ಕರ್ಟಿಗೆ ಎರಡು ಸಲ ಒರೆಸಿಕೊಂಡಳು. ಮುಂದಿನ ಚೆಂಡು ಆ ಹುಡುಗಿಯ ಬಲಕ್ಕೆ, ಸೊಂಟದ ಎತ್ತರಕ್ಕೆ, ಇಗೋ ಹೊಡಿ ಎನ್ನುವ ಹಾಗೆ ತೇಲಿಕೊಂಡು ಹೋಯಿತು.

ಆ ಚೆಂಡು ನನಗೆ ಪರಿಚಯದ್ದು. ಹನ್ನೊಂದು ವರ್ಷದ ಪರಿಚಯ.

ಮಾರ್ಕರ್ ಕೈಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಮತ್ತೆರಡು ಪಾಯಿಂಟಿನ ನಂತರ ಅವಳು ಕೈ ಒರೆಸಿಕೊಂಡಳು, ಮತ್ತೆ ಅಂಥದೇ ಚೆಂಡು. “ಡಾಕ್ಟ್ರ, ಆಕಿ ಕೈ ನೋಡಿದ್ರಾ?” ಎಂದರು. ನೋಡಿದೆ ಎಂದೆ. ಅವರು ಮಂಡಕ್ಕಿಯನ್ನು ಪೊಟ್ಟಣಕ್ಕೆ ವಾಪಸು ಹಾಕಿದರು. ಆಮೇಲೆ ತಮ್ಮ ಎಡ ಅಂಗೈಯನ್ನು ಮಗುಚಿ ನೋಡಿಕೊಂಡು ಹೇಳಿದರು: “ಆಕಿಗೆ ಯಾವ ರೋಗಾನೂ ಇಲ್ರಿ. ಇದು ನನ್ನ ಕೈಯಿಂದ ಅಂಟಿದ್ದು.”

ಆ ಸೆಟ್ಟು ಐದು–ಏಳು, ಅದರ ಮುಂದಿನದೂ ಐದು–ಏಳು. ಗಂಗಾವತಿಯ ಹುಡುಗಿ ಕುಣಿದಾಡಿದಳು. ನಮ್ಮವಳು ಅವಳನ್ನು ತಬ್ಬಿಕೊಂಡು ನಿಜವಾಗಿ ಸಂತೋಷಪಟ್ಟಳು. ಅದೇ ದೊಡ್ಡ ತೊಂದರೆ.

ವಾಪಸು ಬರುವಾಗ ಎರಡೂ ಕಡೆ ಭತ್ತದ ಗದ್ದೆ. ಮಾರ್ಕರ್ ತಿರುಗಿ ಹಿಂದಿನ ಸೀಟಿನಲ್ಲಿದ್ದ ಮಗಳನ್ನು ಕೇಳಿದರು: “ಐದು–ಒಂದು ಇದ್ದಾಗ ಏನನಿಸ್ತವಾ ನಿನಗ?”

“ಪಾಪ ಅನಿಸ್ತಪಾ. ಅಷ್ಟು ದೂರದಿಂದ ಬಂದಾಳ, ಆಕಿ ಅವ್ವ-ಅಪ್ಪ ನೋಡಾಕತ್ಯಾರ. ಸ್ವಲ್ಪ ಆಡ್ಲಿ ಅನಿಸ್ತು. ಆಮ್ಯಾಲ ತಡಿಯಾಕ ಹೋದ್ರ ಆಕಿಗೆ ಕೈ ಕುದುರಿತ್ತು, ನನಗ ಬರಲಿಲ್ಲ.”

“ಎಲ್ಲಾರ ಕೂಡಾನೂ ಹಿಂಗನಾ?”

“ಗೆಲ್ಲಾಕತ್ತಿದ್ರ ಹಿಂಗಪಾ. ಸೋಲಾಕತ್ತಿದ್ರ ಏನೂ ಅನಸಂಗಿಲ್ಲ, ಚಲೋ ಆಡ್ತೀನಿ.”

ಅಪ್ಪ ಹಣೆಗೆ ಕೈ ಹಚ್ಚಿ ಕುಳಿತರು. “ನೋಡ್ರಿ ಡಾಕ್ಟ್ರ. ಗೆಲ್ಲೋ ಆಟಾನ ಸಮಾ ಮಾಡೋದು ಹೆಂಗಂತ ಕಲಿಸೀನಿ. ಮುಗಿಸೋದು ಹೆಂಗಂತ ಕಲಿಸೇ ಇಲ್ಲ. ನನಗ ಬಂದ್ರಲ್ಲ ಕಲಿಸೋದು? ಇಪ್ಪತ್ತಾರು ವರ್ಷ ಆತು, ಒಂದು ಆಟ ಮುಗಿಸಿಲ್ಲ ನಾನು.”

ನನಗೆ ತಡೆಯಲಾಗಲಿಲ್ಲ. “ಮಾರ್ಕರ್ರೇ, ಹಂಗಾದ್ರ ನನ್ನ ಕೂಡ ಆಡಿದ್ದೂ...?” ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು. “ಈ ಸಲ ಭತ್ತ ಚಲೋ ಬಂದೈತ್ರಿ” ಎಂದರು.

ಹಿಂದಿನ ಸೀಟಿನಿಂದ ಫಕ್ಕನೆ ನಗು ಕೇಳಿಸಿತು. ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ, ಅದು ಇನ್ನೂ ನೋವಾಯಿತು. ಆದರೆ ಆ ಹನ್ನೊಂದು ವರ್ಷದ ಬೆಳಗುಗಳನ್ನು ಒಂದೊಂದಾಗಿ ನೆನೆಸಿಕೊಂಡಾಗ ನನಗೆ ಸಿಟ್ಟು ಬರಲಿಲ್ಲ. ಎಷ್ಟು ಖುಷಿಯಾಗಿ ಒಗ್ಗರಣೆ ತಿಂದಿದ್ದೇನೆ! ಅಷ್ಟನ್ನೂ ಆ ಮನುಷ್ಯ ಕೊಟ್ಟಿದ್ದು.

ಎರಡು ದಿನ ಬಿಟ್ಟು ಅವರು ಕ್ಲಿನಿಕ್ಕಿಗೆ ಬಂದರು. ಹಲ್ಲುನೋವಿನವರ ಸಾಲಿನಲ್ಲೇ ಕುಳಿತು, ಸರದಿ ಬಂದ ಮೇಲೆ ಒಳಗೆ ಬಂದು, ಕುರ್ಚಿಯ ಮೇಲೆ ಕೂರದೆ ನಿಂತೇ ಮಾತಾಡಿದರು. “ಒಂದು ಉಪಕಾರ ಆಗಬೇಕ್ರಿ. ದಿನಾ ಬೆಳಿಗ್ಗೆ ನೀವು ನನ್ನ ಮಗಳ ಕೈಲಿ ಸೋಲಬೇಕು.”

“ಅದೇನು ಕಷ್ಟದ ಕೆಲಸ ಅಲ್ಲ ಬಿಡ್ರಿ, ಈಗ ಗೊತ್ತಾತಲ್ಲ” ಎಂದೆ.

“ಹಂಗಲ್ರಿ. ನೀವು ಜೀವ ಬಿಟ್ಟು ಆಡಬೇಕು. ಆಮ್ಯಾಲ ಮಾರಿ ಸಣ್ಣದು ಮಾಡ್ಕೋಬೇಕು. ಉಸ್ಸಪ್ಪಾ ಅಂತ ಸೊಂಟ ಹಿಡ್ಕೋಬೇಕು. ನಿಮ್ಮನ್ನ ನೋಡಿದ್ರ ಕಲ್ಲಿಗೂ ಪಾಪ ಅನಸಬೇಕು. ಅಂಥಾ ಮಾರಿ ಕ್ಲಬ್ಬಿನಾಗ ನಿಮ್ಮದೊಂದ ಐತ್ರಿ.”

ಇದು ಹೊಗಳಿಕೆಯೋ ಏನೋ ತಿಳಿಯದೆ ಒಪ್ಪಿಕೊಂಡೆ. ಅವರು ಹೊರಡುವಾಗ ಬಾಗಿಲ ಹತ್ತಿರ ನಿಂತು, “ಮನಿಯಾಗ ರಂಗೋಲಿ ಪುಡಿ ಇದ್ರ ಸ್ವಲ್ಪ ತರ್ರಿ. ನಮ್ಮ ಸುಣ್ಣ ಹುಡುಗಿ ಕೈ ಸುಟ್ಟೀತು” ಎಂದರು.

ಮರುದಿನ ಐದಕ್ಕೆ ಕೋರ್ಟಿನಲ್ಲಿ ನನಗೆ ರಂಗೋಲಿ ಪುಡಿಯ ಅರ್ಥವಾಯಿತು. ಅವರು ಅದನ್ನು ಮಗಳ ಎಡ ಅಂಗೈಗೆ ಚೆನ್ನಾಗಿ ತಿಕ್ಕಿದರು. “ಆಡು. ಕೈ ಒರೆಸಬ್ಯಾಡ” ಎಂದು ರೋಲರಿನ ಮೇಲೆ ಹೋಗಿ ಕುಳಿತರು. ನಾನು ಜೀವ ಬಿಟ್ಟು ಆಡಿದೆ. ನಾಲ್ಕು–ಸೊನ್ನೆ ಆಗುವ ಹೊತ್ತಿಗೆ ಮಾರಿ ಸಣ್ಣದು ಮಾಡಿಕೊಳ್ಳುವ ಅಗತ್ಯವೇ ಬೀಳಲಿಲ್ಲ, ತಾನಾಗಿ ಆಗಿತ್ತು. ಅವಳಿಗೆ ಪಾಪ ಅನಿಸಿತು. ಆರು–ಮೂರಕ್ಕೆ ಮುಗಿಯಿತು. ಅಪ್ಪ ಬಂದು ನೀಲಿ ಸ್ಕರ್ಟಿನ ಮೇಲೆ ಮೂಡಿದ್ದ ಬಿಳಿ ಗುರುತುಗಳನ್ನು ಬೆರಳಿಟ್ಟು ಎಣಿಸಿದರು. “ಒಂಬತ್ತು ಸಲ ಕರುಣೆ ತೋರಿಸೀದಿ. ಡಾಕ್ಟ್ರಿಗೆ ಬೇಕಾಗಿತ್ತಾ ಅದು? ಕೇಳು.”

“ಬೇಕಾಗಿರಲಿಲ್ಲವ್ವಾ” ಎಂದೆ ಏದುಸಿರು ಬಿಡುತ್ತ. ನಿಜ ಹೇಳಬೇಕೆಂದರೆ ಬಹಳ ಬೇಕಾಗಿತ್ತು.

“ನೀನು ಇವರಿಗೆ ಕೊಡ್ತಿದ್ದೆಲ್ಲಪಾ, ಅದು?” ಎಂದಳು ಮಗಳು.

“ಅದು ನನ್ನ ನೌಕರಿ. ಇದು ನಿನ್ನ ಆಟ. ಕರುಣೆ ಇದ್ರ ಆಟ ಮುಗದ ಮ್ಯಾಲ ತೋರಿಸು. ನೀರು ಕೊಡು, ಚಾ ಕುಡಸು, ಹೆಂಗ ಆಡಬೇಕಂತ ಹೇಳಿಕೊಡು. ಆಟದಾಗ ಬಿಟ್ಟುಕೊಟ್ರ, ಎದುರಿನಾಕಿ ತಾನು ಎಲ್ಲಿ ಅದೀನಿ ಅಂತ ತಿಳ್ಕೊಳ್ಳೋದು ಹೆಂಗ?” ಇಷ್ಟು ಹೇಳಿ ನನ್ನ ಕಡೆ ನೋಡಿ, ರೋಲರಿನ ಕಡೆ ನಡೆದುಬಿಟ್ಟರು. ಆ ಮಾತು ಅವರಿಗೇ ತಾಗಿತ್ತು ಅಂತ ಕಾಣುತ್ತದೆ.

ಅಲ್ಲಿಂದ ಒಂದು ವರ್ಷ ನಾನು ಕ್ಲಬ್ಬಿನ ನಗೆಪಾಟಲಾದೆ. ಸದಸ್ಯರು ಚಹಾ ಹಿಡಿದು ಬೇಗ ಬಂದು ಕೂರತೊಡಗಿದರು. “ಡಾಕ್ಟ್ರಿಗೆ ಇವತ್ತೆಷ್ಟು?” ಎನ್ನುವುದು ಬೆಳಗಿನ ನಮಸ್ಕಾರವಾಯಿತು. ಇಷ್ಟರಲ್ಲಿ ಮಾರ್ಕರ್ ಬೇಕೆಂದೇ ಸೋಲುತ್ತಿದ್ದರು ಎನ್ನುವ ಗುಸುಗುಸು ಹಬ್ಬಿತು. ಅದನ್ನು ಎಲ್ಲ ಸದಸ್ಯರೂ ತಕ್ಷಣ ನಂಬಿದರು, ಆದರೆ ಅವರು ಬಿಟ್ಟುಕೊಡುತ್ತಿದ್ದದ್ದು ಡಾಕ್ಟರಿಗೆ ಮಾತ್ರ ಎಂದು. ತಮ್ಮ ತಮ್ಮ ಗೆಲುವುಗಳೆಲ್ಲ ಅಪ್ಪಟ. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ. ಮಾರ್ಕರ್ ಮಾತ್ರ ಎಂದಿನಂತೆ ಅವರಿಗೆಲ್ಲ ಏಳು–ಐದು ಹಂಚುತ್ತಲೇ ಇದ್ದರು.

ಸ್ಕರ್ಟಿನ ಮೇಲಿನ ಗುರುತುಗಳು ಒಂಬತ್ತರಿಂದ ಆರಾದವು, ನಾಲ್ಕಾದವು, ಕೆಲವು ದಿನ ಮತ್ತೆ ಏಳಾದವು. ಒಂದು ಬೆಳಿಗ್ಗೆ ನಾನು ಸೋತು ನೆಟ್ಟಿಗೆ ಬಂದಾಗ ಅಪ್ಪ ಸ್ಕರ್ಟನ್ನು ಸುತ್ತಲೂ ನೋಡಿದರು. ಎಲ್ಲಿಯೂ ಏನೂ ಇರಲಿಲ್ಲ. ಆರು–ಸೊನ್ನೆ. ಅವಳು ಓಡಿಹೋಗಿ ನನಗೊಂದು ಲೋಟ ನೀರು ತಂದುಕೊಟ್ಟು, “ಅಂಕಲ್, ನೀವು ಕಾಲು ಭಾಳ ತಡಾ ಎತ್ತತೀರಿ” ಎಂದು ಹತ್ತು ನಿಮಿಷ ಹೇಳಿಕೊಟ್ಟಳು. ಹನ್ನೊಂದು ವರ್ಷದಲ್ಲಿ ಯಾರೂ ನನಗೆ ಅದನ್ನು ಹೇಳಿರಲಿಲ್ಲ.

ಅದಾದ ಮೇಲೆ ಎಲ್ಲ ನೆಟ್ಟಗಾಯಿತು ಎಂದು ಬರೆದರೆ ನೀವೂ ನಂಬಬಾರದು. ನನ್ನಂಥವನನ್ನು ಸೋಲಿಸುವುದು ಬೇರೆ, ಕಣ್ಣೀರು ಹಾಕುವ ಎದುರಾಳಿಯನ್ನು ಬೇರೆ ಊರಿನಲ್ಲಿ ಸೋಲಿಸುವುದು ಬೇರೆ. ದಾವಣಗೆರೆಯಲ್ಲಿ ಹಳೆಯ ರೋಗ ಮರುಕಳಿಸಿತು. ಬೆಳಗಾವಿಯಲ್ಲಿ ಗೆದ್ದಳು, ಕಲಬುರಗಿಯಲ್ಲಿ ಸೋತಳು. ಅಪ್ಪನ ನಿವೃತ್ತಿಗೆ ಎಂಟು ತಿಂಗಳು ಇದ್ದಾಗ ಮತ್ತೆ ಸಿರುಗುಪ್ಪದ ಟೂರ್ನಿ ಬಂತು. ಮತ್ತೆ ನನ್ನ ಕಾರು, ಮತ್ತೆ ಅದೇ ಕೋರ್ಟು, ಮತ್ತೆ ಅದೇ ಗಂಗಾವತಿಯ ಹುಡುಗಿ. ಮೊದಲ ಸೆಟ್ಟು ನಮ್ಮವಳದು. ಎರಡನೆಯದರಲ್ಲಿ ಐದು–ಒಂದು. ಮಾರ್ಕರ್ ಈ ಸಲ ಮಂಡಕ್ಕಿ ತಂದಿರಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡಿದ್ದರು.

ಎದುರಿನ ಹುಡುಗಿ ಮುಖ ಒರೆಸಿಕೊಂಡಳು. ನಮ್ಮವಳು ನೋಡಿದಳು. ಎಡಗೈ ಸೊಂಟದ ತನಕ ಬಂತು. ನನ್ನ ಮೊಣಕೈಯ ಮೇಲಿನ ಹಿಡಿತ ಬಿಗಿಯಾಯಿತು. ಆ ಕೈ ಸ್ಕರ್ಟನ್ನು ಮುಟ್ಟದೆ ಜೇಬಿಗೆ ಹೋಗಿ ಚೆಂಡು ತೆಗೆಯಿತು. ನಾಲ್ಕು ಸರ್ವಿಸ್, ನಾಲ್ಕು ಪಾಯಿಂಟು. ಆರು–ಒಂದು. ಆಮೇಲೆ ಅವಳು ನೆಟ್ಟು ದಾಟಿ ಹೋಗಿ ಆ ಹುಡುಗಿಯ ಹೆಗಲ ಮೇಲೆ ಕೈ ಹಾಕಿ, ಅವಳ ರ‍್ಯಾಕೆಟ್ ಹಿಡಿದು ಏನನ್ನೋ ತೋರಿಸಿಕೊಡತೊಡಗಿದಳು. ಗಿರಣಿಯವರು ಊಟಕ್ಕೆ ಕರೆದರೂ ಇಬ್ಬರೂ ಬರಲಿಲ್ಲ. ಮಾರ್ಕರ್ ಕಣ್ಣು ಒರೆಸಿಕೊಂಡು, “ಬ್ಯಾಸರ ಆತ್ರಿ ಆಟ. ನೋಡಾಂಗ ಇರಲಿಲ್ಲ” ಎಂದರು. ಅಷ್ಟು ಸಂತೋಷದಿಂದ ಬೇಸರವಾಯಿತು ಎಂದವರನ್ನು ನಾನು ನೋಡಿರಲಿಲ್ಲ.

ಆಮೇಲಿನ ತಿಂಗಳುಗಳೆಲ್ಲ ಅಂಥ ಬೇಸರದವೇ. ಟೂರ್ನಿಯಿಂದ ಅವಳು ಸಂದೇಶ ಕಳಿಸುತ್ತಿದ್ದಳು. ಮಾರ್ಕರ್ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದರು: “ಏನೂ ವಿಶೇಷ ಇಲ್ರಿ. ಆರು–ಎರಡು, ಆರು–ಒಂದು.” ಮರುದಿನ, “ಇವತ್ತೂ ಏನಿಲ್ರಿ. ಆರು–ಎರಡು, ಆರು–ಎರಡು.” ಅವಳ ಹೆಸರು ಪಟ್ಟಿಯಲ್ಲಿ ಏರಿತು, ಇಳಿಯಲಿಲ್ಲ. ಅವರ ನಿವೃತ್ತಿಗೆ ಮೂರು ವಾರ ಇರುವಾಗ ದೊಡ್ಡ ಟೂರ್ನಿಯೊಂದರ ಮೇನ್ ಡ್ರಾದಲ್ಲಿ, ಅರ್ಹತಾ ಪಂದ್ಯ ಆಡದೆ, ನೇರವಾಗಿ ಅವಳ ಹೆಸರು ಬಂತು. ಅಂದು ಮಾರ್ಕರ್ ಪೇಡಾ ಹಂಚಲಿಲ್ಲ. ಹಳೆಯ ಪೇಡಾದ ಭಯವಿತ್ತು ಅಂತ ಕಾಣುತ್ತದೆ. ಈಗ ಧಾರವಾಡದ ಕಡೆ ಒಂದು ಅಕಾಡೆಮಿಯವರು ತಾವೇ ಕರೆದು ಅವಳನ್ನು ಸೇರಿಸಿಕೊಂಡಿದ್ದಾರೆ. ಈಗಲೂ ಸೋಲುತ್ತಾಳೆ. ಆದರೆ ತನಗಿಂತ ಚೆನ್ನಾಗಿ ಆಡುವವರಿಗೆ ಸೋಲುತ್ತಾಳೆ. ಮಾರ್ಕರ್ ಬಾದನಹಟ್ಟಿಯಲ್ಲಿ ಸುಗ್ಗಿ ಮುಗಿದ ಕಣವೊಂದನ್ನು ಹದ ಮಾಡಿ ಗೆರೆ ಹಾಕಿ, ಊರ ಶಾಲೆಯ ಮಕ್ಕಳಿಗೆ ಕಲಿಸುತ್ತಿದ್ದಾರಂತೆ. ಮೊನ್ನೆ ಫೋನಿನಲ್ಲಿ, “ಒಬ್ಬಕಿ ಭಾಳ ಚಂದ ಆಡ್ತಾಳ್ರಿ. ಭರವಸೆ ಅಂತ ಮಾತ್ರ ಯಾರೂ ಅನಬಾರದು ಅಂದೀನಿ” ಎಂದರು.

ಬೀಳ್ಕೊಡುಗೆಯ ದಿನದ ಮಾತು ಉಳಿದಿದೆ. ನಿವೃತ್ತರಾಗುವ ದಿನ ಬೆಳಿಗ್ಗೆ ಮಾರ್ಕರ್ ತಮಗೆ ಬೇಕಾದ ಒಬ್ಬ ಸದಸ್ಯರ ಜೊತೆ ಒಂದು ಸೆಟ್ ಆಡುವುದು ನಮ್ಮ ಕ್ಲಬ್ಬಿನ ಪದ್ಧತಿ. ವಕೀಲರು ಹೊಸ ಬೂಟು ಹಾಕಿಕೊಂಡು ಬಂದಿದ್ದರು. ಮಾರ್ಕರ್ ಜಗಲಿಯ ತುಂಬ ಕಣ್ಣಾಡಿಸಿ, “ಡಾಕ್ಟ್ರ, ಬರ್ರಿ” ಎಂದರು. ಮಗಳು ಅಂಪೈರ್ ಕುರ್ಚಿ ಹತ್ತುವ ಮೊದಲು ಅಪ್ಪನ ಹತ್ತಿರ ಹೋದಳು. ಜೇಬಿನಿಂದ ಒಂದು ಪೊಟ್ಟಣ ತೆಗೆದು, ಅವರ ಎಡ ಅಂಗೈಯನ್ನು ಬಿಡಿಸಿ, ರಂಗೋಲಿ ಪುಡಿ ತಿಕ್ಕಿದಳು. “ಆಡಪಾ. ಕೈ ಒರೆಸಬ್ಯಾಡ” ಎಂದಳು.

ಆ ಕಡ್ಡಿ ಮನುಷ್ಯನೊಳಗೆ ಅಂಥ ಆಟ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಚೆಂಡು ಗೆರೆಯ ಸುಣ್ಣ ಹಾರಿಸಿಕೊಂಡು ಹೋಗುತ್ತಿತ್ತು. ನಾನು ಕಾಲನ್ನು ಬೇಗ ಎತ್ತಿದೆ, ಓಡಿದೆ, ಬಿದ್ದೆ, ಮೊಣಕಾಲು ತರಚಿಕೊಂಡೆ. ಹನ್ನೊಂದು ವರ್ಷ ಸೋಲಿಸಿದ ಆ ಮನುಷ್ಯನನ್ನು ಒಂದು ಗೇಮಿಗಾದರೂ ಮುಟ್ಟಲು ಆಗಲಿಲ್ಲ. ಜಗಲಿಯಲ್ಲಿ ವಕೀಲರ ಚಹಾ ಆರಿಹೋಯಿತು. ಐದು–ಸೊನ್ನೆ ಆದಾಗ ನಾನು ಸೊಂಟ ಹಿಡಿದು ನಿಂತೆ. ಆಚೆ ಮಾರ್ಕರ್ ನನ್ನ ಮಾರಿ ನೋಡಿದರು. ಅವರ ಎಡಗೈ ಮೆಲ್ಲಗೆ ಪ್ಯಾಂಟಿನ ಕಡೆ ಹೋಯಿತು.

“ಅಪ್ಪಾ!” ಎಂದು ಮೇಲಿನಿಂದ ಮಗಳು ಕೂಗಿದಳು.

ಜಗಲಿಯೆಲ್ಲ ನಕ್ಕಿತು. ಆ ಕೈ ಗಾಳಿಯಲ್ಲೇ ನಿಂತಿತು. ಅವರೂ ನಕ್ಕರು, ನಾನೂ ನಕ್ಕೆ, “ಒರೆಸಬ್ಯಾಡ್ರಿ ಮಾರ್ಕರ್ರೇ” ಎಂದೆ. ಆಮೇಲೆ ನಾಲ್ಕೇ ಚೆಂಡು. ಆರು–ಸೊನ್ನೆ. ಅವರು ಕೈ ಕುಲುಕುವ ಬದಲು ನೆಟ್ಟು ದಾಟಿ ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು.

ಮನೆಗೆ ಬಂದು ತಟ್ಟೆಯ ಮುಂದೆ ಕುಳಿತಾಗ ಹೆಂಡತಿ ನನ್ನ ನೀಲಿ ಟಿ-ಶರ್ಟಿನ ಬೆನ್ನು ನೋಡಿ ನಿಂತಳು. “ಇದೇನ್ರೀ, ಯಾರ ಕೈ ಇದು?”

ಬೆನ್ನ ಮೇಲೆ ಐದೂ ಬೆರಳು ಮೂಡಿದ್ದ ಬಿಳಿಯ ಅಂಗೈ ಗುರುತು.

“ಮಾರ್ಕರ್ದು. ಆರು–ಸೊನ್ನೆ ಸೋತೆ” ಎಂದೆ.

“ಅಷ್ಟು ಸೋತು ಬಂದು ಇಷ್ಟ್ಯಾಕ ನಗಾಕತ್ತೀರಿ?”

“ಇಷ್ಟು ವರ್ಷ ಅವರು ನನ್ನ ಆಡಸ್ತಿದ್ರು. ಇವತ್ತ ನನ್ನ ಕೂಡ ಆಡಿದ್ರು” ಎಂದು ಒಗ್ಗರಣೆಗೆ ಕೈ ಹಾಕಿದೆ.